ಬೈಂಡು ಹಾಕಿಸಿದ ಕೊರವಂಜಿ

ನಾಗಸಂದ್ರ,
ಬೆಂಗಳೂರು

ಚಿ. ಪುಟ್ಟಿಗೆ ತಾತ ಮಾಡುವ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ನೋಡಿದೆ. ಪುಣೆಯ ಸಿಂಬಯಾಸಿಸ್ ಆವರಣದಲ್ಲಿ ಕಂಚಿನ ಕಾಮನ್ ಮ್ಯಾನ್ ನಿಂತಿದ್ದಾನೆ, ಪಕ್ಕದಲ್ಲಿ ಎರಡು ಬೆರಳೆತ್ತಿಕೊಂಡು ನೀನು. ಕೆಳಗೆ ಒಂದು ಪ್ರಶ್ನೆ ಬೇರೆ: 'ತಾತ, ಈ ಅಂಕಲ್ ಗೊತ್ತಾ?' ಗೊತ್ತಾ ಅಂದರೆ! ಅವನನ್ನು ಬರೆದ ಕೈ ನಮ್ಮ ಮನೆಯ ಟ್ರಂಕಿನೊಳಗೆ ಇತ್ತು ಕಣೇ, ನಿಮ್ಮಪ್ಪ ಹುಟ್ಟುವುದಕ್ಕೂ ಎಷ್ಟೋ ವರ್ಷ ಮುಂಚೆ. ಅದನ್ನೆಲ್ಲ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ ಹೇಳುವಷ್ಟು ತಾಳ್ಮೆ ನನಗಿಲ್ಲ. ಅದಕ್ಕೇ ಈ ಕಾಗದ. ಪರೀಕ್ಷೆ ಮುಗಿದ ಮೇಲೇ ಓದು, ಅವಸರವೇನಿಲ್ಲ.

ಬರೆಯಲು ಇನ್ನೂ ಒಂದು ಕಾರಣ ಉಂಟು. ಚಿತ್ರಕಲೆ ಕಾಲೇಜಿನಲ್ಲಿ ಸೀಟು ಸಿಗದೆ ಕಾನೂನಿಗೆ ಸೇರಿದ ಮೇಲೆ ನೀನು ಪೆನ್ಸಿಲ್ ಮುಟ್ಟುವುದನ್ನೇ ಬಿಟ್ಟಿದ್ದೀಯಂತೆ. ನಿಮ್ಮಮ್ಮ ಹೇಳಿದಳು. ನೀನು ಹೇಳಬೇಡ ಅಂದಿದ್ದೆಯಂತೆ, ಆದರೂ ಹೇಳಿದಳು. ಅವಳನ್ನು ಬೈಯಬೇಡ.

ಮೊದಲು ಟ್ರಂಕಿನ ವಿಷಯಕ್ಕೆ ಬರುತ್ತೇನೆ. ನಮ್ಮಪ್ಪ, ಅಂದರೆ ನಿನ್ನ ಮುತ್ತಾತ, ಮೈಸೂರಿನಲ್ಲಿ ಓದಿದವರು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಯಿತಲ್ಲ, ಅದಾಗಿ ಕೆಲವು ವರ್ಷಕ್ಕೆ ಅಲ್ಲಿ ಕೆಲಸ ಸಿಕ್ಕಿ ಇತ್ತ ಬಂದರು. ಬಾಡಿಗೆ ಕಮ್ಮಿ ಅಂತ ನಾಗಸಂದ್ರದಲ್ಲಿ ಮನೆ ಹಿಡಿದರು. ಈಗ ನೀನು ನೋಡಿರುವ ನಾಗಸಂದ್ರ ಅಲ್ಲ ಅದು. ಮೇಲೆ ಫ್ಲೈಓವರ್ ಇರಲಿಲ್ಲ, ಮೆಟ್ರೋ ಇರಲಿಲ್ಲ, ಭಾನುವಾರ ಜನ ಸಾಲುಗಟ್ಟಿ ಹೋಗುವ ಐಕಿಯಾ ಅಂಗಡಿಯ ಸುಳಿವೂ ಇರಲಿಲ್ಲ. ತುಮಕೂರು ರಸ್ತೆ, ಅದರ ಎರಡೂ ಬದಿಗೆ ರಾಗಿ ಹೊಲ, ಎಂಟನೇ ಮೈಲಿಯ ಹತ್ತಿರ ನಾಲ್ಕಾರು ಅಂಗಡಿ. ಮೈಸೂರಿನಿಂದ ಅಪ್ಪ ತಂದ ಆಸ್ತಿ ಅಂದರೆ ಒಂದು ಕಬ್ಬಿಣದ ಟ್ರಂಕು. ಅದರಲ್ಲಿ ಮದುವೆಯ ಪಂಚೆಯ ಕೆಳಗೆ ಕೊರವಂಜಿ ಎಂಬ ನಗೆಪತ್ರಿಕೆಯ ಹಳೆಯ ಸಂಚಿಕೆಗಳಿದ್ದವು, ಬೈಂಡು ಹಾಕಿಸಿದವು.

ಆ ಬೈಂಡರನ್ನು ನಮ್ಮಪ್ಪ ಕೊನೆಯವರೆಗೂ ಬೈಯುತ್ತಿದ್ದರು. ಕಪ್ಪು ರೆಕ್ಸಿನ್ ರಟ್ಟು, ಗಟ್ಟಿ ದಾರದ ಹೊಲಿಗೆ, ಅದಕ್ಕೇನೂ ಕೊರತೆ ಇರಲಿಲ್ಲ. ಅಂಚು ಸಮ ಮಾಡುವಾಗ ಪುಣ್ಯಾತ್ಮ ಕೆಳಗಡೆ ಅರ್ಧ ಬೆರಳಿನಷ್ಟು ಜಾಸ್ತಿ ಕತ್ತರಿಸಿಬಿಟ್ಟಿದ್ದ. ಪುಟದ ತಳಭಾಗದಲ್ಲಿದ್ದ ಎಷ್ಟೋ ವ್ಯಂಗ್ಯಚಿತ್ರಗಳ ಅಡಿಬರಹ ಹೋಗಿಬಿಟ್ಟಿತ್ತು. ಕೆಲವದರಲ್ಲಿ ಅಕ್ಷರದ ತಲೆಕಟ್ಟು ಮಾತ್ರ ಉಳಿದಿತ್ತು. ಚಿತ್ರ ಇದೆ, ನಗು ಇಲ್ಲ. ಅಪ್ಪನಿಗೆ ಅದೊಂದು ದೊಡ್ಡ ಕೊರಗು. ನನಗೂ ನಮ್ಮಕ್ಕನಿಗೂ ಅದೇ ದೊಡ್ಡ ಆಟ.

ಆಟ ಹೇಗೆ ಗೊತ್ತಾ? ಪುಸ್ತಕ ಜಗುಲಿಯ ಮೇಲೆ ಬಿಚ್ಚಿಡುವುದು. ಕೆಳಗಿನ ಮಾತು ಇಲ್ಲದ ಚಿತ್ರ ಬಂದ ತಕ್ಷಣ ಇಬ್ಬರೂ ಒಂದೊಂದು ಮಾತು ಕಟ್ಟುವುದು. ಸಂಜೆ ಫ್ಯಾಕ್ಟರಿಯಿಂದ ಅಪ್ಪ ಸೈಕಲ್ಲಿನಲ್ಲಿ ಬಂದು, ಕೈಕಾಲು ತೊಳೆದು, ಕಾಫಿ ಕುಡಿದ ಮೇಲೆ ತೀರ್ಪು. ಹೆಚ್ಚಿನ ದಿನ ಗೆಲ್ಲುತ್ತಿದ್ದವಳು ಅಕ್ಕನೇ. ಒಂದು ಚಿತ್ರ ಈಗಲೂ ಕಣ್ಣ ಮುಂದಿದೆ. ಮಂಚದ ಮೇಲೆ ಒಬ್ಬ ರೋಗಿ. ಎದುರಿಗೆ ಡಾಕ್ಟರು, ಕೊರಳಲ್ಲಿ ಸ್ಟೆತಾಸ್ಕೋಪು. ಹಿಂದಿನ ಕಿಟಕಿಯ ಸರಳುಗಳ ನಡುವೆ ಅಕ್ಕಪಕ್ಕದ ಮನೆಯವರ ತಲೆಗಳು. ಯಾರು ಬರೆದದ್ದೋ, ಸಹಿಯೂ ಕತ್ತರಿಗೆ ಹೋಗಿತ್ತು. ನಾನು ರೋಗಿಯ ಹೊಟ್ಟೆನೋವಿನ ಬಗ್ಗೆ ಏನೋ ಬರೆದೆ. ಅಕ್ಕ ಬರೆದದ್ದು: 'ಡಾಕ್ಟ್ರೇ, ಕಾಯಿಲೆ ನನಗಿರಬಹುದು. ಆದರೆ ನಾಲಿಗೆ ಪರೀಕ್ಷೆ ಮಾಡಬೇಕಾದ್ದು ಅವರದ್ದು.' ಅಪ್ಪ ಕಾಫಿ ಲೋಟ ಕೆಳಗಿಟ್ಟು ನಕ್ಕರು. ನಾನು ನೋಡಿದ್ದು ರೋಗಿ, ಡಾಕ್ಟರು ಇಬ್ಬರನ್ನೇ. ಅವಳು ಕಿಟಕಿಯನ್ನೂ ನೋಡಿದ್ದಳು.

ಅಲ್ಲಿಂದ ನಾನೂ ಕಿಟಕಿ ನೋಡಲು ಕಲಿತೆ. ಚಪ್ಪಲಿ, ಛತ್ರಿ, ಗೋಡೆಯ ಕ್ಯಾಲೆಂಡರು, ಕುರ್ಚಿಯ ಮುರಿದ ಕಾಲು, ಯಾರದೋ ಜೇಬಿನಿಂದ ಇಣುಕುವ ಬೀಡಿ ಕಟ್ಟು. ಹಾಗೆ ನೋಡುತ್ತ ನೋಡುತ್ತ ಗೆರೆಯಲ್ಲೇ ಆಸಾಮಿಯನ್ನು ಗುರುತಿಸುವುದು ಬಂತು. ಒಬ್ಬರ ಗೆರೆ ಸೊರಗಿದ್ದು, ಇನ್ನೊಬ್ಬರದು ಒರಟು. ಇನ್ನೊಂದು ಗೆರೆ ಇತ್ತು. ಅದು ಕುಂಚದ್ದು. ಒಂದು ಕಡೆ ದಪ್ಪಗೆ ಹೊರಟು, ಬೆನ್ನು ತಿರುಗುವಲ್ಲಿ ಸಣ್ಣದಾಗಿ, ಮತ್ತೆ ಮೊಣಕಾಲಿನ ಹತ್ತಿರ ದಪ್ಪವಾಗುತ್ತಿತ್ತು. ಪಂಚೆಯ ನಿರಿಗೆಯನ್ನು ಅದು ಒಂದೇ ಎಳೆತಕ್ಕೆ ಮುಗಿಸುತ್ತಿತ್ತು. 'ಅದು ಲಕ್ಷ್ಮಣನದು' ಅನ್ನುತ್ತಿದ್ದರು ಅಪ್ಪ. ಏಕವಚನವೇ. ಮೈಸೂರಿನ ಹುಡುಗ, ತಮ್ಮ ವಾರಿಗೆಯವನು ಅಂತ ಅವರಿಗೆ ಸಲಿಗೆ. ಮುಖಾಮುಖಿ ಒಂದು ಮಾತೂ ಆಡಿದವರಲ್ಲ!

ಈಗ ಸ್ವಲ್ಪ ಚರಿತ್ರೆ ಕೇಳು. ಕಾನೂನು ಓದುವವಳಿಗೆ ಇಸವಿಗಳು ಬೇಸರ ತರಿಸಬಾರದು. ನಿನ್ನ ಕಾಮನ್ ಮ್ಯಾನ್‌ನನ್ನು ಬರೆದ ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆ ಹೈಸ್ಕೂಲು ಹೆಡ್‌ಮಾಸ್ಟರು. ಅಣ್ಣ ಆರ್.ಕೆ. ನಾರಾಯಣ್, ಮಾಲ್ಗುಡಿಯವರು. ಹುಡುಗ ಮನೆಯ ನೆಲ, ಗೋಡೆ, ಬಾಗಿಲು ಎಲ್ಲದರ ಮೇಲೂ ಬರೆಯುತ್ತಿದ್ದ. ಶಾಲೆಯಲ್ಲಿ ಅರಳಿ ಎಲೆ ಬರೆದು ಮೇಷ್ಟರಿಂದ ಶಹಭಾಸ್ ಅನ್ನಿಸಿಕೊಂಡಿದ್ದ. ಆ ಕಾಲಕ್ಕೆ ಹಿಂದೂ ಪತ್ರಿಕೆಯಲ್ಲಿ ಇಂಗ್ಲೆಂಡಿನ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳು ಆಗಾಗ ಬರುತ್ತಿದ್ದವು. ಲಕ್ಷ್ಮಣ್‌ಗೆ ಅವೇ ಪಾಠ. ಸಹಿಯಲ್ಲಿದ್ದ 'ಲೋ' ಎಂಬುದನ್ನು ಬಹಳ ಕಾಲ 'ಕೌ' ಅಂತಲೇ ಓದಿಕೊಂಡಿದ್ದರಂತೆ. ಗುರು ಯಾರೆಂದು ಕೇಳಿದರೆ ಹಸು ಅಂತ ಹೇಳಬೇಕಾಗಿದ್ದ ಶಿಷ್ಯ!

ಹೈಸ್ಕೂಲು ಮುಗಿಸಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ನಮ್ಮಲ್ಲಿ ವಿದ್ಯಾರ್ಥಿಯಾಗುವಷ್ಟು ಪ್ರತಿಭೆ ನಿನ್ನ ಚಿತ್ರಗಳಲ್ಲಿ ಕಾಣುವುದಿಲ್ಲ ಅಂತ ಅಲ್ಲಿಂದ ಉತ್ತರ ಬಂತು. ಇಲ್ಲಿಗೆ ಬಂದ ಕೂಡಲೆ ನೀನು ಮೂಗು ಮುರಿಯುತ್ತೀಯ ಅಂತ ಗೊತ್ತು. 'ಓಹೋ, ಸಮಾಧಾನ ಮಾಡೋಕೆ ಬಂದ್ರು ತಾತ.' ಇಲ್ಲಮ್ಮ. ಆ ಕಥೆಯನ್ನು ಸೀಟು ಸಿಗದ ಎಲ್ಲ ಮಕ್ಕಳಿಗೂ ಎಲ್ಲ ತಾತಂದಿರೂ ಹೇಳಿ ಸವೆಸಿದ್ದಾರೆ. ಕಾಲೇಜಿನಿಂದ ಬೇಡ ಅನ್ನಿಸಿಕೊಂಡವರೆಲ್ಲ ಲಕ್ಷ್ಮಣ್ ಆಗಿಲ್ಲ. ಎಷ್ಟೋ ಸಲ ಕಾಲೇಜಿನವರು ಹೇಳಿದ್ದೇ ಸರಿ ಇರುತ್ತದೆ. ನನಗೆ ಕುತೂಹಲ ಇರುವುದು ಆ ಉತ್ತರ ಬಂದ ಮೇಲಿನ ಕೆಲವು ವರ್ಷಗಳ ಬಗ್ಗೆ. ಅದನ್ನು ಯಾರೂ ಹೇಳುವುದಿಲ್ಲ, ನಡುವೆ ಹಾರಿ ನೇರ ಟೈಮ್ಸ್ ಆಫ್ ಇಂಡಿಯಾಕ್ಕೆ ಹೋಗಿಬಿಡುತ್ತಾರೆ.

ಆ ವರ್ಷಗಳಲ್ಲಿ ಅವರು ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದರು. ಚಿತ್ರಕ್ಕೂ ಆ ಓದಿಗೂ ಸಂಬಂಧವಿಲ್ಲ, ನಿನ್ನ ಕಾನೂನಿನ ಹಾಗೇ. ಜೊತೆಗೆ ಅಣ್ಣನ ಕಥೆಗಳಿಗೆ ಹಿಂದೂ ಪತ್ರಿಕೆಯಲ್ಲಿ ಚಿತ್ರ, ಊರಿನ ಪತ್ರಿಕೆಗಳಿಗೆ ರಾಜಕೀಯದ ಚಿತ್ರ. ಅಷ್ಟರಲ್ಲಿ 1942ರಲ್ಲಿ ಬೆಂಗಳೂರಿನಲ್ಲಿ ಕೊರವಂಜಿ ಹುಟ್ಟಿತು. ಯಾರು ಹುಟ್ಟಿಸಿದ್ದು? ಒಬ್ಬ ಡಾಕ್ಟರು. ಎಂ. ಶಿವರಾಂ, ಕನ್ನಡಕ್ಕೆಲ್ಲ 'ರಾಶಿ' ಎಂದೇ ಗೊತ್ತು. ಮೆಜೆಸ್ಟಿಕ್‌ನಲ್ಲಿ ದವಾಖಾನೆ ಇಟ್ಟುಕೊಂಡಿದ್ದ ಅಲೋಪತಿ ವೈದ್ಯರು. ಆಚೆ ಮಹಾಯುದ್ಧ, ಈಚೆ ಕ್ವಿಟ್ ಇಂಡಿಯಾ, ಮುದ್ರಣದ ಕಾಗದಕ್ಕೂ ತತ್ವಾರ. ಅಂಥ ಹೊತ್ತಿನಲ್ಲಿ ಈ ಮನುಷ್ಯ ರೋಗಿಗಳ ನಾಡಿ ನೋಡುತ್ತಲೇ ತಿಂಗಳಿಗೊಂದು ನಗೆಪತ್ರಿಕೆ ತರಲು ಹೊರಟರು! 1967ರವರೆಗೆ, ಕಾಲು ಶತಮಾನ ನಡೆಸಿದರು. ಅದೇ ಶಿವರಾಂ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜನರ ಒಳಗನ್ನು ಬಲ್ಲವರು. ನಗಿಸುವುದು ಅವರಿಗೆ ಹೊತ್ತು ಕಳೆಯುವ ಕೆಲಸವಾಗಿರಲಿಲ್ಲ.

ಅವರ ಸುತ್ತ ಕೂಡಿದವರನ್ನು ನೋಡಿದರೆ ನನಗೆ ಈಗಲೂ ಸೋಜಿಗ. ನಾ. ಕಸ್ತೂರಿ ಕೇರಳದವರು, ಮನೆಮಾತು ಮಲಯಾಳ, ಮೈಸೂರು ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದವರು. ಅವರು ಕನ್ನಡದ ಪದಗಳಿಗೆಲ್ಲ ತಲೆಹರಟೆ ಅರ್ಥ ಕಟ್ಟಿ 'ಅನರ್ಥಕೋಶ' ಮಾಡಿದರು. ಟಿ. ಸುನಂದಮ್ಮ ಮನೆಯ ಒಳಗಿನಿಂದ ಗಂಡಸರನ್ನು ನೋಡಿ ನಕ್ಕರು. ಹೆಂಗಸರು ನಗೆಬರಹ ಬರೆಯುವುದೇ ಅಪರೂಪವಾಗಿದ್ದ ಕಾಲ ಅದು, ಕೊರವಂಜಿ ಅವರಿಗೆ ಪುಟ ಕೊಟ್ಟಿತು. ಇವರ ನಡುವೆ ಮನೆಯಲ್ಲಿ ತಮಿಳಾಡುವ, ಕಾಲೇಜಿನಲ್ಲಿ ಇಂಗ್ಲಿಷ್ ಓದುವ, ಇಪ್ಪತ್ತೊಂದು ತುಂಬುತ್ತಿದ್ದ ಹುಡುಗ ಲಕ್ಷ್ಮಣ್. ಶಿವರಾಂ ಅವನ ಕೈಗೂ ಪುಟ ಕೊಟ್ಟರು, ಬೆನ್ನು ತಟ್ಟಿದರು.

ನಾನು ಹೇಳಬೇಕೆಂದಿರುವುದು ಇಷ್ಟೇ, ಮಗಳೇ. ಬೊಂಬಾಯಿಯ ಶಾಲೆ ಒಲ್ಲೆ ಎಂದ ಹುಡುಗನಿಗೆ ಮೆಜೆಸ್ಟಿಕ್ಕಿನ ಡಾಕ್ಟರು ಒಬ್ಬರು ತಿಂಗಳು ತಿಂಗಳೂ ತುಂಬಿಸಬೇಕಾದ ಖಾಲಿ ಜಾಗ ಕೊಟ್ಟರು. ಚೆನ್ನಾಗಿ ಬಂದರೂ ಬಾರದಿದ್ದರೂ ಇಂಥ ದಿನಕ್ಕೆ ಚಿತ್ರ ಪ್ರೆಸ್ಸಿಗೆ ಹೋಗಬೇಕು. ಹೋದರೆ ಬ್ಲಾಕು ಮಾಡಿಸುತ್ತಾರೆ, ಅಚ್ಚಾಗುತ್ತದೆ, ನಾಗಸಂದ್ರದಂಥ ಊರಿನಲ್ಲಿ ಮಕ್ಕಳು ಜಗುಲಿಯ ಮೇಲೆ ಬಿಚ್ಚಿಕೊಂಡು ಕೂರುತ್ತಾರೆ. ನಕ್ಕರೋ ಇಲ್ಲವೋ ತಿಳಿಯುತ್ತದೆ. ಮುಂದೆ ಫ್ರೀ ಪ್ರೆಸ್ ಜರ್ನಲ್, ಅಲ್ಲಿ ಬಾಳ ಠಾಕ್ರೆ ಸಹೋದ್ಯೋಗಿ, ಆಮೇಲೆ ಟೈಮ್ಸ್, 1951ರಿಂದ 'ಯೂ ಸೆಡ್ ಇಟ್' ಎಂಬ ಪುಟ್ಟ ಚೌಕ, ಅದರೊಳಗೆ ಚೌಕುಳಿ ಕೋಟು ತೊಟ್ಟು ಬಾಯಿ ಬಿಡದೆ ನಿಂತ ನಿನ್ನ ಅಂಕಲ್. ಅರ್ಧ ಶತಮಾನ, ದಿನಾ ಬೆಳಗ್ಗೆ ಪೇಪರುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು, ಹೊಳೆಯುವವರೆಗೂ ಒದ್ದಾಡಿ, ಆಮೇಲೆ ಕುಂಚ ಅದ್ದುವುದು. ಈ ಅಭ್ಯಾಸಕ್ಕೆ ಮೊದಲ ತಾಲೀಮು ಕೊರವಂಜಿಯಂಥ ಪುಟಗಳಲ್ಲೇ ಆದದ್ದು ಎಂದು ನಾನು ನಂಬಿದ್ದೇನೆ. ಬೇರೆಯವರು ಬೇರೆ ಹೇಳಲಿ.

ನಾನು ಆ ಬೈಂಡು ಓದುವ ಹೊತ್ತಿಗೆ ಲಕ್ಷ್ಮಣ್ ಕೊರವಂಜಿ ಬಿಟ್ಟು, ಮೈಸೂರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮಕ್ಕಳಾದ ನಮಗೆ ಅದು ಗೊತ್ತಿರಲಿಲ್ಲ. ಒಂದು ಸಲ ಯಶವಂತಪುರಕ್ಕೆ ಸುಣ್ಣ ತರಲು ಅಪ್ಪನ ಸೈಕಲ್ಲಿನ ಹಿಂದೆ ಕೂತು ಹೋಗಿದ್ದೆ. ಪೇಂಟಿನ ಅಂಗಡಿಯ ಹೊರಗೆ ತಗಡಿನ ಬೋರ್ಡು. ಅದರ ಮೇಲೆ ಒಬ್ಬ ತುಂಟ ಹುಡುಗ, ಕೈಯಲ್ಲಿ ಬಣ್ಣದ ಡಬ್ಬಿ, ಕುಂಚ. ಏಷಿಯನ್ ಪೇಂಟ್ಸ್‌ನ ಗಟ್ಟು. ನಾನು ಆ ಹುಡುಗನ ಮೊಣಕಾಲನ್ನೇ ನೋಡುತ್ತ ನಿಂತೆ. ಅದೇ ದಪ್ಪ, ಅದೇ ಸಣ್ಣ, ಅದೇ ತಿರುವು. 'ಅಪ್ಪ, ಇದು ಲಕ್ಷ್ಮಣನದು' ಅಂದೆ. ಅಪ್ಪ ನಂಬಲಿಲ್ಲ. ಬೊಂಬಾಯಿಯ ಪೇಪರಿನವನು ಪೇಂಟು ಡಬ್ಬಿಗೆ ಯಾಕೆ ಬರೀತಾನೆ ಅಂದರು. ಗಟ್ಟುವನ್ನು 1954ರಲ್ಲಿ ಬರೆದದ್ದು ಲಕ್ಷ್ಮಣ್ ಅವರೇ ಎಂದು ಆಮೇಲೆ ಎಲ್ಲೋ ಓದಿದಾಗ ನಾನು ಕೆಲಸಕ್ಕೆ ಸೇರಿಯಾಗಿತ್ತು. ಆ ಪುಟ ಮಡಿಸಿಕೊಂಡು ಹೋಗಿ ಅಪ್ಪನ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ಓದಿ, 'ಸರಿ, ಈಗೇನು, ಬಹುಮಾನ ಬೇಕಾ?' ಅಂದರು. ಬಹುಮಾನ ಕೊಡಲಿಲ್ಲ.

ಕಾಗೆಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ಲಕ್ಷ್ಮಣ್ ಕಾಗೆಯ ಮೋಹಿ. ಚಿಕ್ಕಂದಿನಿಂದ ಕೊನೆಯವರೆಗೂ ಕಾಗೆ ಬರೆದರು. ಯಾರೂ ತಿರುಗಿ ನೋಡದ ಹಕ್ಕಿ ಅದು, ಎಂಜಲಿಗೆ ಬರುತ್ತದೆ, ಪಿಂಡಕ್ಕೆ ಬರುತ್ತದೆ, ಅಷ್ಟೇ ನಮ್ಮ ಲೆಕ್ಕ. ಅವರು ಅದರ ಕೊರಳಿನ ಬೂದಿ, ಬೆನ್ನಿನ ಕಪ್ಪು, ಓರೆಗಣ್ಣು ಎಲ್ಲವನ್ನೂ ನೋಡಿದರು. ಅವರ ಕಾಗೆಯ ಚಿತ್ರ ಮೊದಲ ಸಲ ನೋಡಿದ ಮೇಲೆ ನಾನು ಹಿತ್ತಲಿನ ಕಾಗೆಯನ್ನು ಇದ್ದಿಲಿನಲ್ಲಿ ಬರೆಯಲು ಕೂತೆ. ತಲೆ ಸರಿ ಬಂದರೆ ಕೊಕ್ಕು ಗಿಳಿಯದಾಗುತ್ತಿತ್ತು. ನನ್ನ ಕಲೆ ಅಲ್ಲಿಗೆ ಮುಗಿಯಿತು. ನಿನಗೆ ಹಾಗಿಲ್ಲ. ಏಳನೇ ಕ್ಲಾಸಿನಲ್ಲಿ ನೀನು ಬರೆದ ನಮ್ಮ ಬೀದಿಯ ಮಾವಿನಹಣ್ಣಿನ ಗಾಡಿಯವನ ಚಿತ್ರ ನನ್ನ ಬೀರುವಿನಲ್ಲಿದೆ. ಅವನ ತಕ್ಕಡಿಯ ಒಂದು ತಟ್ಟೆ ಕೆಳಗಿತ್ತು, ಕೈಬೆರಳು ಅದರ ಕೆಳಗೆ ಹೋಗಿತ್ತು. ಅದನ್ನು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಗೆ ಹೋಗಿ, ಲಕ್ಷ್ಮಣ್ ಅವರ ಅಣ್ಣನ ಕಥೆಗಳನ್ನಿಟ್ಟುಕೊಂಡು 'ಮಾಲ್ಗುಡಿ ಡೇಸ್' ತೆಗೆದರು. ಅದರ ಶೀರ್ಷಿಕೆಯ ಜೊತೆ ಲಕ್ಷ್ಮಣ್ ರೇಖೆಗಳು ಬಂದಾಗ ನಿಮ್ಮಪ್ಪನೂ ನಾನೂ ಟಿ.ವಿ. ಮುಂದೆ ಕೂತಿದ್ದೆವು. ಅವನಿಗೆ ಕಥೆ ಬೇಕು, ನನಗೆ ರೇಖೆ ಬೇಕು. ಅದು ಬಿಡು, ನಿನಗೆ ಯೂಟ್ಯೂಬಿನಲ್ಲಿ ಸಿಗುತ್ತದೆ.

ಬೊಂಬಾಯಿಗೆ ಹೋದವರ ಗುಣಗಾನದಲ್ಲಿ ಇಲ್ಲೇ ಉಳಿದವರನ್ನು ನಾವು ಮರೆಯುತ್ತೇವೆ, ಅದು ನನಗೆ ಸರಿಕಾಣದು. ಬಿ.ವಿ. ರಾಮಮೂರ್ತಿ ಡೆಕ್ಕನ್ ಹೆರಾಲ್ಡಿನಲ್ಲಿ ದಶಕಗಟ್ಟಲೆ 'ಮಿಸ್ಟರ್ ಸಿಟಿಜನ್' ಬರೆದರು. ಮುಂಬಯಿಯ ಕಾಮನ್ ಮ್ಯಾನ್‌ಗೆ ಲೋಕಸಭೆಯ ಚಿಂತೆ ಜಾಸ್ತಿ. ರಾಮಮೂರ್ತಿಯವರದು ನಮ್ಮ ವಿಧಾನಸೌಧ, ನಮ್ಮ ನಲ್ಲಿ, ನಮ್ಮ ಗುಂಡಿ. ಪುಟ್ಟ ಊರಿನ ಜಗಳವನ್ನು ಬರೆಯುವುದು ದೇಶದ ಜಗಳವನ್ನು ಬರೆಯುವುದಕ್ಕಿಂತ ಕಷ್ಟ ಅನ್ನುವುದು ನನ್ನ ಅಭಿಪ್ರಾಯ, ಮಾರನೆಯ ದಿನ ಬಸ್ಸಿನಲ್ಲಿ ಆ ಮಂತ್ರಿಯ ಅಳಿಯನೇ ಪಕ್ಕದಲ್ಲಿ ಕೂತಿರಬಹುದಲ್ಲ! ನಂತರ ಬಂದವರು ಮಾಯಾ ಕಾಮತ್. ಹೆಂಗಸರು ರಾಜಕೀಯ ವ್ಯಂಗ್ಯಚಿತ್ರ ಬರೆಯುವುದು ಇಡೀ ದೇಶದಲ್ಲೇ ವಿರಳ, ಆಕೆ ಬೆಂಗಳೂರಿನಲ್ಲಿ ಕೂತು ಬರೆದರು. 2001ರಲ್ಲಿ ತೀರಿಕೊಂಡರು, ವಯಸ್ಸು ಬಹಳ ಆಗಿರಲಿಲ್ಲ. ಅವರ ಹೆಸರಿನಲ್ಲಿ ವ್ಯಂಗ್ಯಚಿತ್ರಕ್ಕೆ ಪ್ರಶಸ್ತಿ ಕೊಡುತ್ತಾರೆ. ಅವರ ಚಿತ್ರಗಳನ್ನು ಹುಡುಕಿ ನೋಡು. ಲಕ್ಷ್ಮಣ್‌ಗಿಂತ ಮೊದಲು ನೀನು ನೋಡಬೇಕಾದ್ದು ಅವರನ್ನೇ ಇರಬಹುದು.

ಆ ಪ್ರಶಸ್ತಿ ಕೊಡುವ ಜಾಗಕ್ಕೆ ನಾವಿಬ್ಬರೂ ಹೋಗೋಣ. ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ಅಂತ. ವ್ಯಂಗ್ಯಚಿತ್ರಕಾರ ವಿ.ಜಿ. ನರೇಂದ್ರ ಕಟ್ಟಿದ್ದು. ಎಂ.ಜಿ. ರಸ್ತೆಯ ಪಕ್ಕದ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿದೆ. ವ್ಯಂಗ್ಯಚಿತ್ರಕ್ಕೇ ಮೀಸಲಾದ ಗ್ಯಾಲರಿ ಅದು, ಗೋಡೆಯ ತುಂಬ ಮೂಲ ಚಿತ್ರಗಳನ್ನು ತೂಗುಹಾಕುತ್ತಾರೆ. ಅಚ್ಚಿನಲ್ಲಿ ನೋಡುವುದೇ ಬೇರೆ, ಮೂಲ ನೋಡುವುದೇ ಬೇರೆ. ಮೂಲದಲ್ಲಿ ಪೆನ್ಸಿಲಿನ ಗುರುತು ಕಾಣುತ್ತದೆ, ಬಿಳಿ ಬಣ್ಣ ಬಳಿದು ಮುಚ್ಚಿದ ಜಾಗ ಕಾಣುತ್ತದೆ. ನಿನ್ನ ಟ್ಯಾಬಿನಲ್ಲಿ ಅಳಿಸಿದ್ದು ಅಳಿಸಿಯೇ ಹೋಗುತ್ತದಲ್ಲ, ಅದರ ಬಗ್ಗೆ ನನಗೆ ತಕರಾರು ಏನಿಲ್ಲ, ಆದರೆ ಒಂದು ಸಲ ಇಂಡಿಯನ್ ಇಂಕು, ಕುಂಚ ಹಿಡಿದು ನೋಡು. ಕೈ ನಡುಗಿದ್ದು ಕಾಗದದ ಮೇಲೆ ಉಳಿಯುತ್ತದೆ ಅಂತ ಗೊತ್ತಿದ್ದರೆ ಗೆರೆ ಎಳೆಯುವ ಮೊದಲು ಇನ್ನೊಂದು ಸಲ ನೋಡುತ್ತೀಯ.

ಹೋಗುವುದು ಸುಲಭ. 2015ರ ಮೇ ತಿಂಗಳಲ್ಲಿ ನಮ್ಮ ಮನೆ ಮುಂದಕ್ಕೆ ಮೆಟ್ರೋ ಬಂತು. ಆಗ ನಾಗಸಂದ್ರವೇ ಕೊನೆಯ ನಿಲ್ದಾಣ, ಹತ್ತಿದರೆ ಸೀಟು ಗ್ಯಾರಂಟಿ. 2024ರಲ್ಲಿ ಮಾದಾವರದವರೆಗೆ ಎಳೆದ ಮೇಲೆ ನಮ್ಮ ಸೀಟುಗಳಲ್ಲಿ ಚಿಕ್ಕಬಿದರಕಲ್ಲಿನವರು ಕೂತು ಬರುತ್ತಾರೆ. ಇರಲಿ, ಅವರೂ ದುಡ್ಡು ಕೊಟ್ಟಿರುತ್ತಾರೆ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಬದಲಾಯಿಸಿ ನೇರಳೆಯಲ್ಲಿ ಟ್ರಿನಿಟಿ, ಮಿಕ್ಕಿದ್ದು ನಡಿಗೆ. ಮೆಜೆಸ್ಟಿಕ್‌ನಲ್ಲಿ ಇಳಿದಾಗ, ಈ ನೆಲದ ಮೇಲೆ ಎಲ್ಲೋ ಶಿವರಾಂ ಅವರ ದವಾಖಾನೆ ಇತ್ತು ಅಂತ ನಾನು ಹೇಳಿಯೇ ಹೇಳುತ್ತೇನೆ. ಎಸ್ಕಲೇಟರಿನಲ್ಲಿ ನಿಂತು ಭಾಷಣ ಮಾಡಬೇಡಿ ತಾತ ಅನ್ನಬೇಡ.

ಇನ್ನೊಂದು ವಿಷಯ. ಕೊರವಂಜಿ ನಿಂತಮೇಲೆ 1983ರಲ್ಲಿ ಶಿವರಾಂ ಅವರ ಮಗ ಶಿವಕುಮಾರ್ 'ಅಪರಂಜಿ' ಶುರು ಮಾಡಿದರು. ಅದೂ ನಗೆಗೇ ಮೀಸಲಾದ ಮಾಸಪತ್ರಿಕೆ. ಕೊರವಂಜಿಯ ಹಳೆಯ ಸಂಚಿಕೆಗಳನ್ನೂ ಕಂಪ್ಯೂಟರಿಗೆ ಇಳಿಸಿಟ್ಟಿದ್ದಾರೆ. ಕತ್ತರಿ ಬೀಳದ ಪುಟಗಳು. ನಮ್ಮಕ್ಕನಿಗೆ ಅದನ್ನು ಹೇಳಿದೆ. ನಮ್ಮ ಆ ಚಿತ್ರಗಳ ನಿಜವಾದ ಅಡಿಬರಹ ಏನಿತ್ತು ನೋಡೋಣವಾ ಅಂದೆ. 'ಬೇಡ ಕಣೋ, ನಂದೇ ಚೆನ್ನಾಗಿತ್ತು' ಅಂದಳು. ಎಂಬತ್ತರ ಹತ್ತಿರ ಬಂದರೂ ಜಂಬ ಇಳಿದಿಲ್ಲ.

ಈಗ ಕೆಲಸದ ಮಾತು. ರಜೆಗೆ ಬಂದಾಗ ಬೆಳಗ್ಗೆ ಎಂಟೂವರೆಗೆ ನಿನ್ನನ್ನು ನಾಗಸಂದ್ರ ನಿಲ್ದಾಣದ ಮೆಟ್ಟಿಲ ಕೆಳಗೆ ನಿಲ್ಲಿಸುತ್ತೇನೆ. ಪೀಣ್ಯದ ಕಾರ್ಖಾನೆಗೆ ಹೋಗುವವರು ಊಟದ ಡಬ್ಬಿ ಹಿಡಿದು ಒಂದು ಕಡೆಯಿಂದ, ಲ್ಯಾಪ್‌ಟಾಪ್ ಚೀಲದವರು ಇನ್ನೊಂದು ಕಡೆಯಿಂದ, ನಡುವೆ 'ಮೀಟರ್ ಮೇಲೆ ಇಪ್ಪತ್ತು' ಅನ್ನುವ ಆಟೋಗಳು, ಎಲ್ಲದರ ಮೇಲೆ ತಂತಿಯಲ್ಲಿ ಕಾಗೆ. ಬೇಕಾದಷ್ಟು ಸಾಮಾನಿದೆ. ನೀನು ಬರೆ, ಕಿಟಕಿಯಲ್ಲಿ ಯಾರಿದ್ದಾರೆ ಅನ್ನುವುದನ್ನು ಮರೆಯಬೇಡ. ಕೆಳಗಿನ ಜಾಗ ಖಾಲಿ ಬಿಡು. ಅಡಿಬರಹಕ್ಕೆ ನಾನೂ ನಿನ್ನ ದೊಡ್ಡಜ್ಜಿಯೂ ಪೈಪೋಟಿ ಮಾಡುತ್ತೇವೆ, ತೀರ್ಪು ನಿನ್ನದು. ಆಮೇಲೆ ಅಪರಂಜಿಗೆ ಅಂಚೆಯಲ್ಲಿ ಕಳಿಸೋಣ. ಹಿಂದಕ್ಕೆ ಬಂದರೆ ಇನ್ನೊಂದು ಬರೆದು ಮತ್ತೆ ಕಳಿಸೋಣ. ಅಂಚೆಯ ಖರ್ಚು ನನ್ನದು. ಅಚ್ಚಾದರೆ ನಿನ್ನ ಹೆಸರು ಮೇಲೆ ಇರಲಿ, ಗೆದ್ದವರ ಹೆಸರು ಕೆಳಗೆ. ಗೆದ್ದವರು ಅಕ್ಕ ಆಗಿರದಿದ್ದರೆ ಸಾಕು.

ಇಂತಿ ನಿನ್ನ ಪ್ರೀತಿಯ
ತಾತ